ಎರೆ ಹೊಲದ ಒಡ್ಡಿನಿಂದ ಜಯನಗರದ ತಾರಸಿವರೆಗೆ

ಹೊಲಕ್ಕೆ ಒಡ್ಡು ಹಾಕಿದರೆ ಮಳೆಗೆ ಮಣ್ಣು ಕೊಚ್ಚಿಹೋಗದೆ ಉಳಿಯುತ್ತದೆ ಎಂದು ಹೇಳಿಬಿಡುವುದು ಸುಲಭ. ಯಾವ ಮಣ್ಣಿಗೆ ಎಂಥ ಒಡ್ಡು ಬೇಕು ಎಂದು ಹೊಲದಲ್ಲೇ ಮಾಡಿ ತೋರಿಸುವುದು ಕಷ್ಟ. ಇದನ್ನು ಕಲಿಯಲು ನಮಗೆ ಹತ್ತಾರು ವರ್ಷ ಬೇಕಾಯಿತು.

ವಿಜಯಪುರ, ಧಾರವಾಡದ ಕಡೆ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲ. 1930ರ ದಶಕದಲ್ಲೇ ವಿಜಯಪುರ, ರಾಯಚೂರು, ಬಳ್ಳಾರಿ ಹತ್ತಿರದ ಹಗರಿಯಲ್ಲಿ ಒಣಬೇಸಾಯದ ಪ್ರಯೋಗ ನಡೆದಿತ್ತು. 1942ರಲ್ಲಿ ಮುಂಬೈ ಸರ್ಕಾರ ಜಮೀನು ಅಭಿವೃದ್ಧಿ ಯೋಜನೆಗಳ ಕಾಯ್ದೆ ತಂದಿತು. ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿ ಒಡ್ಡು, ಅಂದರೆ ಉದ್ದಕ್ಕೂ ಒಂದೇ ಮಟ್ಟದಲ್ಲಿ ಸಾಗುವ ಒಡ್ಡು ಹಾಕುವ ಕೆಲಸ ಜೋರಾಯಿತು.

ಎಡವಟ್ಟಾಗಿದ್ದು ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನೆನೆದ ಮೇಲೆ ನೀರು ಬೇಗ ಇಂಗುವುದಿಲ್ಲ. ಹಾಗಾಗಿ ಒಡ್ಡಿನ ಹಿಂದೆ ನೀರು ನಿಂತು ಬೆಳೆ ಹಾಳಾಗುತ್ತಿತ್ತು. ಬೇಸಿಗೆಯಲ್ಲಿ ಒಡ್ಡೇ ಬಾಯಿ ಬಿಡುತ್ತಿತ್ತು. ದೊಡ್ಡ ಮಳೆ ಬಂದರೆ ಆ ಬಿರುಕಿನಲ್ಲಿ ನೀರು ನುಗ್ಗಿ ಒಡ್ಡು ಒಡೆಯುತ್ತಿತ್ತು. ಮೇಲಿನ ಒಡ್ಡು ಹೋದರೆ ಕೆಳಗಿನವರ ಹೊಲಕ್ಕೂ ಕೊರಕಲು ಬೀಳುತ್ತದೆ ಅಲ್ವಾ? ಇಂಥ ಒಡ್ಡನ್ನು ರೈತರು ನಂಬದೇ ಇದ್ದರೆ ಅದು ಅವರ ತಪ್ಪಲ್ಲ.

1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನೆ, ಪ್ರಾತ್ಯಕ್ಷಿಕೆ, ತರಬೇತಿಗೆಂದು ಕೇಂದ್ರ ಶುರುವಾಯಿತು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುವ ಸೀಮೆ ಅದು. ಎರೆ ಹೊಲದಲ್ಲಿ ಒಡ್ಡಿಗೆ ಉದ್ದಕ್ಕೂ ಸ್ವಲ್ಪ ಓಟ (ಸಣ್ಣ ಇಳಿಜಾರು) ಕೊಡಬೇಕು, ಜಾಸ್ತಿಯಾದ ನೀರು ನಿಧಾನವಾಗಿ ಒಂದು ಬದಿಗೆ ಸರಿದು ಹುಲ್ಲು ಬೆಳೆಸಿದ ಕಾಲುವೆಗೆ ಇಳಿಯಬೇಕು ಎನ್ನುವುದು ಅಲ್ಲಿ ಗಟ್ಟಿಯಾದ ತಿಳಿವಳಿಕೆ. ಮುಂದೆ ಚಿತ್ರದುರ್ಗದ ಜಿ.ಆರ್. ಹಳ್ಳಿಯಲ್ಲಿ ಊರಿನ ಜಮೀನಿನಲ್ಲೇ ಇಡೀ ಜಲಾನಯನದ, ಅಂದರೆ ಮಳೆನೀರು ಹರಿದು ಒಂದೇ ಕಡೆ ಸೇರುವ ಅಷ್ಟೂ ನೆಲದ ಕೆಲಸ ಮಾಡಿ ತೋರಿಸಿದರು. ನನ್ನ ಪ್ರಕಾರ ದೊಡ್ಡ ತಿರುವು ಇದೇ. ಕೇಂದ್ರದ ಬೇಲಿಯೊಳಗಿನ ಮಾದರಿಗಿಂತ ಪಕ್ಕದವರ ಹೊಲದ ಬೆಳೆಯನ್ನು ರೈತರು ಬೇಗ ನಂಬುತ್ತಾರೆ.

ರೈತರಿಂದ ಕಲಿಯುವುದೂ ಇತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ತಜ್ಞರು ಮಣ್ಣು ಕೊಚ್ಚಿಹೋಗದಂತೆ ಬದುವಿನ ಮೇಲೆ ಲಾವಂಚದ ಹುಲ್ಲು ಬೆಳೆಸಿ ಎಂದು ಹೇಳತೊಡಗಿದರು. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಅದನ್ನೇ ಮಾಡುತ್ತಿದ್ದರು.

2000ದಲ್ಲಿ ರಾಜ್ಯಕ್ಕೆ ಜಲಾನಯನ ಅಭಿವೃದ್ಧಿ ಇಲಾಖೆ ಬಂತು, ನಂತರ ಹಳ್ಳಿಗಳಲ್ಲಿ ಇದೇ ಕೆಲಸ ಮಾಡುವ ಸುಜಲ ಯೋಜನೆ. ಪೇಟೆಯ ಮನೆಗಳ ಸರದಿ ಬಂದಿದ್ದು 2009ರಲ್ಲಿ. ಬೆಂಗಳೂರಿನಲ್ಲಿ 30×40 ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಮಾಡಿ ತೋರಿಸಲು ಜಲಮಂಡಳಿ ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಪಾರ್ಕ್ ತೆರೆಯಿತು.

ಲೆಕ್ಕ ಸರಳ. ಒಂದು ಚದರ ಮೀಟರ್ ತಾರಸಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಬಿದ್ದರೂ ಎರಡು ಸಾವಿರ ಲೀಟರ್! ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದಿದ್ದನ್ನು ಫಿಲ್ಟರ್ ಮೂಲಕ ನೆಲದಡಿಯ ತೊಟ್ಟಿಗೆ (ಸಂಪ್) ಹರಿಸಬೇಕು. ಇಂಗುಗುಂಡಿಯನ್ನು ಮಾತ್ರ ಪಕ್ಕದ ಮನೆಯವರದು ನೋಡಿ ಸುಮ್ನೆ ತೋಡಿಸಬೇಡಿ. ಮೊದಲು ಚಿಕ್ಕದೊಂದು ಗುಂಡಿಗೆ ನೀರು ಸುರಿದು ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ನೋಡಿ. ನೀರು ನಿಂತೇ ಇದ್ದರೆ ಆ ದುಡ್ಡಿಗೆ ಸಂಪನ್ನೇ ದೊಡ್ಡದು ಮಾಡಿಸುವುದು ಒಳ್ಳೆಯದು.