ವಯೋಲ್ ಕನ್ಸಾರ್ಟ್ ಸೂಟ್: ಯಾರೂ ಕುಣಿಯದ ಡ್ಯಾನ್ಸ್ ಮ್ಯೂಸಿಕ್ ಹುಟ್ಟಿದ್ದು ಹೇಗೆ

ಹಳೇ ಇಂಗ್ಲಿಷ್ ಡ್ಯಾನ್ಸ್ ಸೂಟ್‌ಗಳನ್ನ (ಅಂದ್ರೆ ಒಂದರ ಹಿಂದೊಂದು ನುಡಿಸೋ ಡ್ಯಾನ್ಸ್ ತುಣುಕುಗಳ ಸರಣಿ) ವಯೋಲ್‌ನಲ್ಲಿ ನುಡಿಸ್ಬೇಕಾ, ವಯಲಿನ್‌ನಲ್ಲಾ? ಡ್ಯಾನ್ಸ್ ಅಂತ ಹೆಸರಿದ್ಮೇಲೆ ಕುಣಿಯೋಕೆ ಆಗ್ಬೇಕಾ, ಬೇಡ್ವಾ? ಈ ಚರ್ಚೆ ಎಷ್ಟು ಸಿಕ್ಕಾಗಿದೆ ಅಂದ್ರೆ ಹೊಸದಾಗಿ ಕೇಳೋರಿಗೆ ತಲೆಬುಡ ತಿಳಿಯಲ್ಲ.

ವಯೋಲ್‌ನ ವಯಲಿನ್‌ನ ಅಜ್ಜ ಅಂದ್ಕೋಬೇಡಿ, ಅದರ ಕುಟುಂಬಾನೇ ಬೇರೆ. ಸಾಮಾನ್ಯವಾಗಿ ಆರು ತಂತಿ, ಕುತ್ತಿಗೆ ಸುತ್ತ ಕರುಳಿನ ದಾರ ಕಟ್ಟಿ ಮಾಡಿದ ಮೆಟ್ಟಿಲು, ಸಿತಾರ್‌ನದರ ತರ ಜರುಗಿಸಬಹುದು. ಚಿಕ್ಕದಾದ್ರೂ ದೊಡ್ಡದಾದ್ರೂ ಕಾಲ್ಗಳ ಆಸರೆಯಲ್ಲಿ ನೆಟ್ಟಗೆ ನಿಲ್ಲಿಸ್ಕೊಂಡು, ಅಂಗೈ ಮೇಲ್ಮುಖ ಮಾಡಿ ಕಮಾನು ಹಿಡೀತಾರೆ. ದನಿ ಸಣ್ಣದು, ಆದ್ರೆ ಐದಾರು ಜನ ಒಟ್ಟಿಗೆ ಕೂತ್ರೆ (ಇಂಥ ತಂಡಕ್ಕೇ ಕನ್ಸಾರ್ಟ್ ಅನ್ನೋದು) ಒಬ್ಬೊಬ್ಬರ ಸಾಲೂ ಬಿಡಿಬಿಡಿಯಾಗಿ ಕೇಳುತ್ತೆ.

ವಯೋಲ್ ಕಾಣಿಸ್ಕೊಂಡಿದ್ದು 15ನೇ ಶತಮಾನದ ಕೊನೆಗೆ ಸ್ಪೇನ್‌ನಲ್ಲಿ, ಆಮೇಲೆ ಇಟಲಿಯಲ್ಲಿ, 1540ರಲ್ಲಿ ಎಂಟನೇ ಹೆನ್ರಿ ಇಟಲಿಯಿಂದ ವಾದಕರನ್ನ ಕರೆಸ್ಕೊಂಡ್ಮೇಲೆ ಲಂಡನ್ ಆಸ್ಥಾನದಲ್ಲಿ ಗಟ್ಟಿಯಾಗಿ ಬೇರೂರ್ತು. ಆಗ ಡ್ಯಾನ್ಸ್ ಅಂದ್ರೆ ಜೋಡಿ: ನಿಧಾನದ ಪಾವನ್, ಅದರ ಹಿಂದೆ ಮೂರೆಣಿಕೆಯ ಗ್ಯಾಲಿಯರ್ಡ್. 1599ರಲ್ಲಿ ಆಂಟನಿ ಹೋಲ್ಬೋರ್ನ್ ಇಂಥವುಗಳ ಸಂಗ್ರಹ ಅಚ್ಚು ಹಾಕಿಸ್ದಾಗ ವಯೋಲ್, ವಯಲಿನ್, ಊದೋ ವಾದ್ಯ ಯಾವುದಾದ್ರೂ ಸರಿ ಅಂತ ಮುಖಪುಟದಲ್ಲೇ ಹಾಕಿದ್ರು, ಗೊಂದಲದ ಬೀಜ ಅಲ್ಲೇ ಇದೆ. ಜರ್ಮನಿಯಲ್ಲಿ 1617ಕ್ಕೇ ಯೋಹಾನ್ ಹರ್ಮನ್ ಶೈನ್ ಐದೈದು ಡ್ಯಾನ್ಸ್ ಸೇರಿಸಿ ಪೂರ್ತಿ ಸೂಟ್‌ಗಳನ್ನೇ ಅಚ್ಚು ಹಾಕಿಸಿದ್ರು.

ನಿಜವಾದ ತಿರುವು ಬಂದಿದ್ದು 1640ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟ್‌ಗೂ ಅಂತರ್ಯುದ್ಧ ನಡೆದಾಗ. ವಯೋಲ್‌ಗೆ ಅದ್ಭುತ ಸೂಟ್‌ಗಳನ್ನ ಬರೆದ ವಿಲಿಯಂ ಲಾಸ್ 1645ರಲ್ಲಿ ಚೆಸ್ಟರ್ ಹತ್ರ ರಾಜನ ಕಡೆ ಹೋರಾಡ್ತಾ ಸತ್ರು. ಆಸ್ಥಾನ ಇಲ್ಲ, 1642ರಿಂದ ನಾಟಕಶಾಲೆಗಳಿಗೆ ಬೀಗ, ಚರ್ಚ್‌ಗಳ ಗಾಯಕವೃಂದವೂ ಚದುರಿಹೋಯ್ತು. ಸಂಗೀತಗಾರರು ಹಳ್ಳಿಗಾಡಿನ ದೊಡ್ಡ ಮನೆಗಳ ಆಶ್ರಯ ಹಿಡಿದ್ರು. ಸಂಯೋಜಕ ಜಾನ್ ಜೆಂಕಿನ್ಸ್ ಅಂತೂ ಅಂಥ ಮನೆಗಳಲ್ಲೇ ಇದ್ಕೊಂಡು, ಅಲ್ಲಿನ ಮಕ್ಕಳಿಗೆ ಹೇಳಿಕೊಡ್ತಾ, ಬರೀತಾ ಹೋದ್ರು. ಹೊರಗೆ ಯುದ್ಧ, ಒಳಗೆ ಒಂದು ಮೇಜು, ನಾಲ್ಕೈದು ವಯೋಲ್. ಕೇಳೋರು ಅಂತ ಬೇರೆ ಯಾರೂ ಬೇಕಿರ್ಲಿಲ್ಲ, ನುಡಿಸೋರೇ ಕೇಳುಗರು! ಡ್ಯಾನ್ಸ್ ಕಾಲಿಂದ ಕಿವಿಗೆ ದಾಟಿದ್ದು ಪೂರ್ತಿ ಈ ಕೋಣೆಗಳಲ್ಲೇ ಅಲ್ಲದಿದ್ರೂ, ಅದು ಗಟ್ಟಿಯಾಗಿದ್ದು ಇಲ್ಲೇ ಅಂತ ನನ್ನ ನಂಬಿಕೆ.

ಇದರ ಶಿಖರ ಇಂಗ್ಲಿಷ್ ಸಂಯೋಜಕ ಮ್ಯಾಥ್ಯೂ ಲಾಕ್ ಅವರ ನಾಲ್ಕು ಭಾಗದ (ಅಂದ್ರೆ ನಾಲ್ಕು ವಾದ್ಯಗಳ) ಕನ್ಸಾರ್ಟ್ ಅನ್ನೋ ಸಂಗ್ರಹ. ಆರು ಸೂಟ್, ಪ್ರತಿಯೊಂದರಲ್ಲೂ ಮೊದಲು ಫ್ಯಾಂಟಸಿ (ಡ್ಯಾನ್ಸ್ ಅಲ್ಲದ ಮುಕ್ತ ತುಣುಕು), ಆಮೇಲೆ ಕುರಾಂಟ್, ಏರ್, ಸಾರಬಾಂಡ್. ಕುರಾಂಟ್‌ನ ಗಮನಿಸಿ ಕೇಳಿ: ಆರು ಎಣಿಕೆ ಒಮ್ಮೆ ಎರಡೆರಡರ ಮೂರು ಗುಂಪಾಗುತ್ತೆ, ಇನ್ನೊಮ್ಮೆ ಮೂರುಮೂರರ ಎರಡು ಗುಂಪು, ಅದೂ ಎಲ್ಲರಿಗೂ ಒಟ್ಟಿಗೆ ಬದಲಾಗುತ್ತೆ ಅನ್ನೋ ಭರವಸೆ ಇಲ್ಲ. ಇದಕ್ಕೆ ಹೆಜ್ಜೆ ಹಾಕೋಕೆ ಹೋದ್ರೆ ಕಾಲು ತೊಡರೋದು ಗ್ಯಾರಂಟಿ. ಸಾರಬಾಂಡ್ ಅಂದ್ರೆ ಗಂಭೀರ, ನಿಧಾನ ಅಂತ ಬಾಖ್ ಕೇಳಿದವ್ರು ಅಂದ್ಕೋತಾರೆ, ಇಲ್ಲಿ ಅದು ಚುರುಕಾದ ಪುಟ್ಟ ಮುಕ್ತಾಯ.

1660ರಲ್ಲಿ ಎರಡನೇ ಚಾರ್ಲ್ಸ್ ರಾಜನಾಗಿ ವಾಪಸ್ ಬಂದ. ಫ್ರೆಂಚ್ ಮಾದರಿಯ 24 ವಯಲಿನ್‌ಗಳ ತಂಡ ಬಂತು, ತಾಳ ಹಾಕೋಕೆ ಬರೋ ಸಂಗೀತದ ಫ್ಯಾಷನ್ ಬಂತು. ಎರಡು ಟ್ರೆಬಲ್ (ಚಿಕ್ಕದು), ಎರಡು ಟೆನರ್ (ಮಧ್ಯಮ), ಎರಡು ಬಾಸ್ (ದೊಡ್ಡದು) ಇರೋ ವಯೋಲ್ ಪೆಟ್ಟಿಗೆ, ಅಂದ್ರೆ ಆರರ ಸೆಟ್, ಹೇಗಿರ್ಬೇಕು ಅಂತ ಸಂಗೀತಗಾರ ಥಾಮಸ್ ಮೇಸ್ 1676ರಲ್ಲಿ ಕಾಳಜಿಯಿಂದ ಬರೆಯೋ ಹೊತ್ತಿಗೆ ಆ ಕಾಲ ಮುಗೀತಾ ಬಂದಿತ್ತು. ದೊಡ್ಡ ಹಾಲ್‌ಗೆ ದೊಡ್ಡ ದನಿ ಬೇಕಿತ್ತು, ಅಷ್ಟೇ, ಯಾರದ್ದೂ ತಪ್ಪಿಲ್ಲ.

ಆಮೇಲೆ ಕನ್ಸಾರ್ಟ್ ಸುಮಾರು ಇನ್ನೂರು ವರ್ಷ ಮೂಲೆ ಸೇರ್ತು. 1890ರ ದಶಕದಲ್ಲಿ ಆರ್ನಲ್ಡ್ ಡಾಲ್ಮೆಟ್ಶ್ ಲಂಡನ್ನಿನಲ್ಲಿ ಮತ್ತೆ ನುಡಿಸಿದ್ರು, 1986ರಲ್ಲಿ ಶುರುವಾದ ಫ್ರೆಟ್‌ವರ್ಕ್ ಥರದ ತಂಡಗಳಿಂದ ಇವತ್ತು ಒಳ್ಳೇ ರೆಕಾರ್ಡಿಂಗ್‌ಗಳಿವೆ. ವಯಲಿನ್‌ನಲ್ಲಿ ನುಡಿಸಿದ್ರೂ ತಪ್ಪು ಅನ್ನೋಕಾಗಲ್ಲ, ಲಾಕ್ ಅವರೇ 1656ರಲ್ಲಿ ಅಚ್ಚಾದ ಲಿಟಲ್ ಕನ್ಸಾರ್ಟ್‌ನ ವಯೋಲ್‌ಗೂ ವಯಲಿನ್‌ಗೂ ಕೊಟ್ಟಿದ್ರು. ಆದ್ರೆ ಮೇಲಿನ ದನಿ ಒಂದೇ ಮಿಂಚಿ ಉಳಿದವು ಹಿಂದೆ ಸರಿದ್ರೆ, ಆ ಎಣಿಕೆಗಳ ಜಗ್ಗಾಟ ಅರ್ಧಕ್ಕರ್ಧ ಕೇಳಿಸೋದೇ ಇಲ್ಲ.