ಕ್ಯಾನ್ಸರ್ ಕೋಶದೊಳಗೆ ನ್ಯಾನೊ ಕಣ: ಕೆಲಸ ಎಲ್ಲಿಯವರೆಗೆ ಬಂದಿದೆ?

ತಾವಾಗಿಯೇ ಕೂಡಿಕೊಂಡು ಕ್ಯಾನ್ಸರ್ ಕೋಶವನ್ನು ಒಳಗಿನಿಂದ ಹೊಡೆಯುವ ನ್ಯಾನೊ ಕಣ (ಕಣ್ಣಿಗೆ ಕಾಣದಷ್ಟು ಪುಟ್ಟ ಕಣ) ಸಿದ್ಧವಾಯಿತು ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ರೋಗಿಯ ಮನೆಯವರು ಅದನ್ನು ಮೊಬೈಲಿನಲ್ಲಿ ಡಾಕ್ಟರಿಗೆ ತೋರಿಸಿ, "ಇದು ನಮಗೆ ಸಿಗುತ್ತಾ ಸಾರ್?" ಎಂದು ಕೇಳುತ್ತಾರೆ. ಸುದ್ದಿ ಸುಳ್ಳಲ್ಲ. ಆದರೆ ಅದರಲ್ಲಿ ಮೂರು ಬೇರೆ ಬೇರೆ ಕೆಲಸಗಳು ಬೆರೆತಿರುತ್ತವೆ: ಕಣ ಕಟ್ಟುವುದು, ಅದನ್ನು ಗಡ್ಡೆಯವರೆಗೆ ಮುಟ್ಟಿಸುವುದು, ಕೋಶದೊಳಗೆ ಸರಿಯಾದ ಜಾಗಕ್ಕೆ ಸೇರಿಸುವುದು. ಮೂರೂ ಒಂದೇ ವೇಗದಲ್ಲಿ ಬೆಳೆದಿಲ್ಲ.

1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್, ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಅಣುಗಳು ನೀರಿನಲ್ಲಿ ತಾವಾಗಿಯೇ ಪುಟ್ಟ ಗುಳ್ಳೆಗಳಾಗುವುದನ್ನು ತೋರಿಸಿದರು. 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಯೆದಾ, ಗಡ್ಡೆಯ ರಕ್ತನಾಳಗಳು ಸೋರುವುದರಿಂದ ದೊಡ್ಡ ಅಣುಗಳು ಅಲ್ಲೇ ಉಳಿಯುತ್ತವೆ ಎಂದರು. 1995ರಲ್ಲಿ ಅಮೆರಿಕ ಡಾಕ್ಸಿಲ್‌ಗೆ ಒಪ್ಪಿಗೆ ಕೊಟ್ಟಿತು. ಡಾಕ್ಸೊರುಬಿಸಿನ್ ಎಂಬ ಹಳೆಯ ಕೀಮೋ ಔಷಧಿಯನ್ನೇ ಅಂಥ ಗುಳ್ಳೆಯಲ್ಲಿ ತುಂಬಿದ್ದು ಅದು. ಇದರಿಂದ ಹೃದಯಕ್ಕೆ ಆಗುತ್ತಿದ್ದ ಹಾನಿ ಕಡಿಮೆಯಾಯಿತು. ಇದು ಸಣ್ಣ ಲಾಭವೇನಲ್ಲ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ, ಭಾರತದ ಸನ್ ಫಾರ್ಮಾದ ಲಿಪೊಡಾಕ್ಸ್ ತರಿಸಿಕೊಂಡರು.

ಆದರೆ ಡಾಕ್ಸಿಲ್‌ಗೆ ಕೋಶದೊಳಗಿನ ವಿಳಾಸ ಗೊತ್ತಿಲ್ಲ. ಕಾಗದ ಊರಿನ ಅಂಚೆ ಕಚೇರಿಗೆ ಬಂದರೆ ಸಾಲದು, ಮನೆಗೆ ಮುಟ್ಟಬೇಕು, ಅಲ್ವಾ?

ಕೋಶದೊಳಗಿನ ವಿಳಾಸದ ಈ ಹುಡುಕಾಟದಲ್ಲಿ ಜಾಸ್ತಿ ಕೆಲಸ ನಡೆದ ಜಾಗಗಳಲ್ಲಿ ಒಂದು ಮೈಟೊಕಾಂಡ್ರಿಯಾ. ಕೋಶಕ್ಕೆ ಶಕ್ತಿ ಒದಗಿಸುವ ಭಾಗ ಅದು. ಅದರ ಒಳಗೆ ಋಣ ವಿದ್ಯುತ್ ಇರುತ್ತದೆ. ಹಾಗಾಗಿ ಧನ ವಿದ್ಯುತ್ ಹೊತ್ತ, ಕೊಬ್ಬಿನಲ್ಲಿ ಕರಗುವ ಅಣುಗಳು ಅಲ್ಲಿಗೆ ಹೋಗಿ ಸೇರುತ್ತವೆ. 1980ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ಲಾನ್ ಬೋ ಚೆನ್ ತಂಡ, ರೋಡಮೀನ್ 123 ಎಂಬ ಬಣ್ಣ ಹೀಗೆ ಸೇರುವುದನ್ನು ಕಂಡಿತು. ಹಲವು ಬಗೆಯ ಕ್ಯಾನ್ಸರ್ ಕೋಶಗಳು ಆ ಬಣ್ಣವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡವು. 1998ರಲ್ಲಿ ಫೋಲ್ಕ್‌ಮಾರ್ ವೈಸಿಗ್ ಮತ್ತು ಜೊತೆಗಾರರು ಡೆಕ್ವಾಲಿನಿಯಂನಿಂದ ತಾವಾಗಿಯೇ ಕೂಡುವ ಗುಳ್ಳೆಗಳನ್ನು ವರದಿ ಮಾಡಿದರು. ಗಂಟಲು ನೋವಿಗೆ ಚೀಪುವ ಮಾತ್ರೆಗಳಲ್ಲಿ ಬಳಸುವ ವಸ್ತು ಅದು!

ಮುಂದಿನ ಹೆಜ್ಜೆಗೆ ಬೆಂಗಳೂರಿನ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದ ಶಾಂತಾ ಧರ್, ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ 2012ರಲ್ಲಿ ಟಿಪಿಪಿ ಎಂಬ ಧನ ಅಣುವನ್ನು ಅಂಟಿಸಿದ ಪಾಲಿಮರ್ ಕಣಗಳನ್ನು ರೂಪಿಸಿದರು. 2014ರಲ್ಲಿ ಅವರ ತಂಡ ಸಿಸ್‌ಪ್ಲಾಟಿನ್ ಎಂಬ ಹಳೆಯ ಕೀಮೋ ಔಷಧಿಯ ಒಂದು ರೂಪವನ್ನು ಇದೇ ದಾರಿಯಲ್ಲಿ ಕಳಿಸಿತು. ಸಿಸ್‌ಪ್ಲಾಟಿನ್ ಸಾಮಾನ್ಯವಾಗಿ ಕೋಶಕೇಂದ್ರದ ಡಿಎನ್‌ಎಯನ್ನು ಕೆಡಿಸುತ್ತದೆ. ಹಠಮಾರಿ ಕ್ಯಾನ್ಸರ್ ಕೋಶಗಳು ಅದನ್ನು ರಿಪೇರಿ ಮಾಡಿಕೊಂಡುಬಿಡುತ್ತವೆ. ಮೈಟೊಕಾಂಡ್ರಿಯಾದ ಡಿಎನ್‌ಎಗೆ ಆ ಬಗೆಯ ರಿಪೇರಿ ವ್ಯವಸ್ಥೆ ಇಲ್ಲ. ಹೊಡೆತ ಬೀಳಬೇಕಾದ್ದು ಅಲ್ಲೇ. ಔಷಧಿ ಹಳೆಯದೇ, ಹೊಡೆಯುವ ಜಾಗ ಮಾತ್ರ ಹೊಸದು. ಈ ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಯೋಚನೆ ಇದು.

ಇನ್ನೊಂದು ದಾರಿಯೂ ಇದೆ. ಕಣವನ್ನು ಹೊರಗೆ ಕಟ್ಟುವುದೇ ಬೇಡ. ಪೆಪ್ಟೈಡ್‌ಗಳು, ಅಂದರೆ ಪ್ರೋಟೀನಿನ ಪುಟ್ಟ ತುಣುಕುಗಳಂಥ ಅಣುಗಳು, ಬಿಡಿಬಿಡಿಯಾಗಿ ಒಳಗೆ ಹೋಗಲಿ, ಮೈಟೊಕಾಂಡ್ರಿಯಾದಲ್ಲಿ ಒತ್ತಾಗಿ ಸೇರಿದ ಮೇಲೆ ಅಲ್ಲೇ ಎಳೆಗಳಾಗಿ ಕೂಡಿ ಅದರ ಪೊರೆಯನ್ನು ಹಾಳು ಮಾಡಲಿ. ದಕ್ಷಿಣ ಕೊರಿಯಾದ ಒಂದು ತಂಡ 2017ರಲ್ಲಿ ಇದನ್ನು ತೋರಿಸಿತು.

ಇಷ್ಟೆಲ್ಲ ಇದ್ದೂ ಔಷಧಿ ಯಾಕೆ ಬಂದಿಲ್ಲ? ತೊಡಕು ಇರುವುದು ನಡುವಿನ ಕೆಲಸದಲ್ಲಿ, ಅಂದರೆ ಕಣವನ್ನು ಗಡ್ಡೆಯವರೆಗೆ ಮುಟ್ಟಿಸುವುದರಲ್ಲಿ. 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹಿಂದಿನ 10 ವರ್ಷಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದರ ಮಧ್ಯಾಂಕ (ಎಲ್ಲ ಪ್ರಯೋಗಗಳ ಅಂಕಿಗಳನ್ನು ಸಾಲಾಗಿ ಇಟ್ಟಾಗ ನಡುವೆ ಬರುವ ಅಂಕಿ) ಶೇ 0.7. ಉಳಿದವುಗಳಲ್ಲಿ ಬಹಳಷ್ಟನ್ನು ಯಕೃತ್ತು ಮತ್ತು ಗುಲ್ಮ ಹಿಡಿದುಕೊಳ್ಳುತ್ತವೆ. ಧನ ವಿದ್ಯುತ್ ಹೊತ್ತ ಕಣಗಳಿಗೆ ರಕ್ತದ ಪ್ರೋಟೀನುಗಳು ಇನ್ನೂ ಬೇಗ ಮೆತ್ತಿಕೊಳ್ಳುತ್ತವೆ. ಒಳಗೆ ದಾರಿ ತೋರುವ ಗುಣವೇ ಹೊರಗೆ ಅಡ್ಡಿ! ಇಲಿಯ ಗಡ್ಡೆ ಬೇಗ ಬೆಳೆಯುತ್ತದೆ, ಚೆನ್ನಾಗಿ ಸೋರುತ್ತದೆ. ಮನುಷ್ಯರಲ್ಲಿ ಸೋರುವುದು ಗಡ್ಡೆಯಿಂದ ಗಡ್ಡೆಗೆ ಬೇರೆ.

ಹೃದಯದ ಸ್ನಾಯುಗಳಲ್ಲೂ ಮೈಟೊಕಾಂಡ್ರಿಯಾ ತುಂಬಿರುತ್ತವೆ. ಅವುಗಳನ್ನು ಬಿಟ್ಟು ಗಡ್ಡೆಯದನ್ನೇ ಹೊಡೆಯುವಂತೆ ಮಾಡುವುದು ಬೇರೆಯೇ ಸವಾಲು. ಸುದ್ದಿಯ ತಲೆಬರಹದಲ್ಲಿ ಇದಕ್ಕೆ ಜಾಗವಿರುವುದಿಲ್ಲ, ಮನೆಯವರ ಆಸೆ ಮಾತ್ರ ಬೆಳೆಯುತ್ತದೆ. ಸದ್ಯಕ್ಕೆ ಮೈಟೊಕಾಂಡ್ರಿಯಾಕ್ಕೇ ಗುರಿಯಿಟ್ಟ ನ್ಯಾನೊ ಕಣದ ಯಾವ ಕ್ಯಾನ್ಸರ್ ಔಷಧಿಯೂ ಆಸ್ಪತ್ರೆಗಳಿಗೆ ಬಂದಿಲ್ಲ. ಮುಂದಿನ ಸುದ್ದಿ ಕಣ್ಣಿಗೆ ಬಿದ್ದಾಗ ಮೊದಲು ನೋಡಬೇಕಾದ್ದು ಪ್ರಯೋಗ ನಡೆದದ್ದು ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂಬುದನ್ನು. ಆಮೇಲೆ, ಚುಚ್ಚಿದ್ದರಲ್ಲಿ ಗಡ್ಡೆಗೆ ಎಷ್ಟು ಮುಟ್ಟಿತು ಎಂಬುದನ್ನು.