ಬಿಳಿ ರಕ್ತಕಣ ಹೆಚ್ಚಿದ್ದರೂ ರೋಗನಿರೋಧಕ ಶಕ್ತಿಯ ಕೊರತೆಯೇ?

ಪ್ರಶ್ನೆ: ನಮ್ಮ ಎರಡು ತಿಂಗಳ ಮಗುವಿಗೆ ಮೇಲಿಂದ ಮೇಲೆ ಸೋಂಕಾಗುತ್ತಿದೆ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಬಹಳ ಹೆಚ್ಚಿವೆ. ಆದರೂ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ ಇರಬಹುದೆಂದು ವೈದ್ಯರು ಹೇಳುತ್ತಾರೆ. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯವಿದೆ. ಪರೀಕ್ಷೆಯಲ್ಲಿ ಎಣಿಸುವುದು ರಕ್ತನಾಳದೊಳಗೆ ಹರಿಯುತ್ತಿರುವ ಕಣಗಳನ್ನು. ಸೋಂಕು ಇರುವುದಾದರೋ ಬಹುಮಟ್ಟಿಗೆ ನಾಳದ ಹೊರಗೆ, ಚರ್ಮದಲ್ಲಿ, ಶ್ವಾಸಕೋಶದಲ್ಲಿ. ನ್ಯೂಟ್ರೊಫಿಲ್ ಎಂಬ ಬಿಳಿ ಕಣ ಅಲ್ಲಿಗೆ ತಲುಪಬೇಕಾದರೆ ಮೊದಲು ನಾಳದ ಗೋಡೆಗೆ ಅಂಟಿಕೊಂಡು, ಬಳಿಕ ಅದರ ಸಂದಿನಿಂದ ನುಸುಳಿ ಹೊರಬರಬೇಕು. ಹೀಗೆ ಅಂಟಿಕೊಳ್ಳಲು ಬೇಕಾದ ಸಿಡಿ18 ಎಂಬ ಪ್ರೋಟೀನು ಐಟಿಜಿಬಿ2 ಜೀನಿನ ದೋಷದಿಂದ ತಯಾರಾಗದಿದ್ದರೆ ಕಣಗಳು ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತವೆ. ಈ ವಯಸ್ಸಿನಲ್ಲಿ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 20,000ದೊಳಗಿರುವ ಬಿಳಿ ಕಣಗಳ ಸಂಖ್ಯೆ ಇಂಥ ಮಕ್ಕಳಲ್ಲಿ ಸೋಂಕಿನ ವೇಳೆ 50,000ವನ್ನೂ ದಾಟಬಹುದು.

ಇದರ ಮೊದಲ ಸುಳಿವು ಹೆಚ್ಚಾಗಿ ಹೊಕ್ಕುಳಲ್ಲಿ ಸಿಗುತ್ತದೆ. ಒಂದೆರಡು ವಾರಗಳಲ್ಲಿ ಒಣಗಿ ಬೀಳಬೇಕಾದ ಹೊಕ್ಕುಳಬಳ್ಳಿ ಮೂರು ವಾರ ಕಳೆದರೂ ಬೀಳದೆ, ಅದರ ಬುಡ ಕೆಂಪಾಗಿ ಊದಿಕೊಂಡಿದ್ದರೂ ಕೀವು ಮಾತ್ರ ಕಾಣಿಸುವುದಿಲ್ಲ. ಕೀವಿಲ್ಲವೆಂದು ಮನೆಯವರು ಸಮಾಧಾನಪಡುವುದು ಸಹಜ. ಆದರೆ ಕೀವೆಂದರೆ ಬಹುಪಾಲು ಸತ್ತ ನ್ಯೂಟ್ರೊಫಿಲ್‌ಗಳೇ ಆದ್ದರಿಂದ, ಅವು ಅಲ್ಲಿಗೆ ಬಂದೇ ಇಲ್ಲವೆಂಬುದೇ ಇದರ ಅರ್ಥ. ಬಳ್ಳಿ ತಡವಾಗಿ ಬಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಇರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಕಣಗಳ ಮೇಲೆ ಸಿಡಿ18 ಇದೆಯೇ ಎಂದು ನೋಡುವ ಫ್ಲೋ ಸೈಟೊಮೆಟ್ರಿ ಎಂಬ ರಕ್ತ ಪರೀಕ್ಷೆಯಿಂದ ಇದು ಖಚಿತವಾಗುತ್ತದೆ. ತೀವ್ರ ರೂಪದಲ್ಲಿದ್ದರೆ ಮೂಳೆಮಜ್ಜೆಯ ಕಸಿಯೇ ಶಾಶ್ವತ ಪರಿಹಾರ.

ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನು ಬಂದಾಗ ಮಾತ್ರ ಮಗುವಿಗೆ ಈ ಕಾಯಿಲೆ ಬರುತ್ತದೆ. ನಮ್ಮಲ್ಲಿ ಇಂದಿಗೂ ಇರುವ ಸೋದರಮಾವ–ಸೊಸೆಯರ ಮದುವೆಯಂಥ ರಕ್ತಸಂಬಂಧಗಳಲ್ಲಿ ಆ ಸಾಧ್ಯತೆ ಹೆಚ್ಚು. ಬಾಣಂತಿಯ ಪಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಆಕೆಯನ್ನು ದೂರುವುದು ಅನ್ಯಾಯ.

ಒಟ್ಟು ಸಂಖ್ಯೆ ಸರಿಯಿದ್ದೂ ಒಳಗೆ ಕೊರತೆ ಅಡಗಿರಬಹುದು. ಒಟ್ಟು 8,000 ಇದ್ದು ಲಿಂಫೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಶೇ. 15 ಎಂದಿದ್ದರೆ ಅವು ಕೇವಲ 1,200; ಎಳೆ ಮಗುವಿಗೆ ಇದು ತೀರಾ ಕಡಿಮೆ. ಇಂಥ ಅನುಮಾನವಿದ್ದಾಗ, ಪರೀಕ್ಷೆ ಮುಗಿಯುವವರೆಗೆ ಬಾಯಿಗೆ ಹಾಕುವ ಪೋಲಿಯೊ ಹನಿಯಂಥ ಜೀವಂತ ಲಸಿಕೆಗಳನ್ನು ವೈದ್ಯರನ್ನು ಕೇಳದೆ ಕೊಡಿಸಬೇಡಿ. ಹುಟ್ಟಿದಾಗ ಬಿಸಿಜಿ ಹಾಕಿಸಿದ್ದರೆ ಅದನ್ನೂ, ಬಳ್ಳಿ ಬಿದ್ದ ದಿನವನ್ನೂ, ಕುಟುಂಬದಲ್ಲಿ ಹಸುಗೂಸುಗಳು ಸೋಂಕಿನಿಂದ ತೀರಿಕೊಂಡಿದ್ದರೆ ಆ ವಿವರವನ್ನೂ ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ತಪ್ಪದೆ ತಿಳಿಸಿ.